ಕಟ್ಟುವವರ ನಡುವೆ ಬಿಚ್ಚುವ ಮೂಗಯ್ಯ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಿಶ್ವವಿದ್ಯಾಲಯದ ನಾವೀನ್ಯ ಕೇಂದ್ರದ ಷಟರ್ ಅರ್ಧಕ್ಕೆ ಏಳುತ್ತದೆ, ಅದರಡಿ ಬಗ್ಗಿ ಮೂಗಯ್ಯ ಒಳಗೆ ಬರುತ್ತಾರೆ. ನಿನ್ನೆ ಸಂಜೆಯವರೆಗೂ ಇಲ್ಲಿ ಮದುವೆಮನೆಯ ಗದ್ದಲವಿತ್ತು. ವಿದ್ಯಾರ್ಥಿಗಳು ತಾವೇ ಮಾಡಿದ ಯಂತ್ರಗಳನ್ನು ಊರಿಗೆಲ್ಲ ತೋರಿಸುವ ವರ್ಷದ ಪ್ರದರ್ಶನ. ತೆಂಗಿನಕಾಯಿ ಸುಲಿಯುವುದು, ರೇಷ್ಮೆ ಹುಳುವಿನ ತಟ್ಟೆಗೆ ಸೊಪ್ಪು ಹರಡುವುದು, ಮುಚ್ಚಳ ತಾನೇ ತೆರೆದುಕೊಳ್ಳುವ ಕಸದ ಬುಟ್ಟಿ, ಇನ್ನೂ ಏನೇನೋ. ಈಗ ಎಲ್ಲವೂ ಮೇಜಿನ ಮೇಲೆ ಸುಮ್ಮನೆ ಕೂತಿವೆ. ಮೂಗಯ್ಯ ಗೋಣಿಚೀಲ ಹಾಸಿಕೊಂಡು ಕೂತು, ಕನ್ನಡಕ ಒರೆಸಿ, ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಾರೆ.

ಅವರ ಕೆಲಸ ಬಿಚ್ಚುವುದು. ಬಂಡವಾಳ ಹಾಕುವವರು ಸಿಗದ ಮಾದರಿಗಳನ್ನು ಕಳಚಿ, ಮೋಟಾರು, ಬ್ಯಾಟರಿ, ಬೇರಿಂಗುಗಳನ್ನು ವಿಂಗಡಿಸಿ ಸ್ಟೋರಿಗೆ ಒಪ್ಪಿಸಬೇಕು. ಮುಂದಿನ ತಂಡದ ಮಕ್ಕಳಿಗೆ ಅವೇ ಸಾಮಾನು ಬೇಕು. ವರ್ಷಕ್ಕೆ ಮೂವತ್ತು ನಲವತ್ತು ಮಾದರಿ ಬಂದರೆ ಉಳಿಯುವುದು ಒಂದೋ ಎರಡೋ. ಹೊಸದನ್ನು ಹುಟ್ಟಿಸುವುದಕ್ಕೆಂದೇ ಇರುವ ಕಟ್ಟಡದಲ್ಲಿ ಇಂಥ ಕೆಲಸವೂ ಒಂದಿದೆ ಎಂಬುದು ಅಲ್ಲಿನ ಬಣ್ಣಬಣ್ಣದ ಕೈಪಿಡಿಯಲ್ಲಿ ಎಲ್ಲಿಯೂ ಅಚ್ಚಾಗಿಲ್ಲ.

"ಕಟ್ಟೋರು ಅವ್ರು, ಬಿಚ್ಚೋನು ನಾನು" ಎಂದು ಮೂಗಯ್ಯ ನಗುತ್ತಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಹುಡುಗರು ಅವರನ್ನು ಛೇಡಿಸುವುದುಂಟು. ಮೂಗಯ್ಯ ಅದಕ್ಕೆ ಸಿಟ್ಟಾಗುವುದಿಲ್ಲ, ಆದರೆ ಒಪ್ಪುವುದೂ ಇಲ್ಲ. "ಮುರಿಯೋದು ಬ್ಯಾರೆ, ಬಿಚ್ಚೋದು ಬ್ಯಾರೆ ಸಾ. ಮುರ್ದಿದ್ದು ಯಾರ್ಗೂ ಆಗಲ್ಲ. ಬಿಚ್ಚಿದ್ದು ಇನ್ನೊಬ್ರಿಗೆ ಆಯ್ತದೆ."

ನಂಜನಗೂಡಿನ ಕಡೆಯ ಹಳ್ಳಿಯಿಂದ ಮೈಸೂರಿಗೆ ಬಂದಾಗ ಅವರಿಗೆ ಮೀಸೆಯೂ ಚಿಗುರಿರಲಿಲ್ಲ. ಅಗ್ರಹಾರದ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ತಂತಿ ಬಿಚ್ಚುವುದರಿಂದ ಶುರುವಾದ ಬದುಕು. ಅಂಗಡಿ ಮುಚ್ಚಿದ ಮೇಲೆ ಯಾರದೋ ಮಾತಿನ ಮೇಲೆ ಈ ಕೇಂದ್ರಕ್ಕೆ ಗುತ್ತಿಗೆ ಅಟೆಂಡರ್ ಆಗಿ ಸೇರಿದರು. ವರ್ಷವರ್ಷವೂ ಗುತ್ತಿಗೆ ನವೀಕರಣವಾಗಬೇಕು. ಹೆಂಡತಿ ಸೋಮಮ್ಮ ಕೃಷ್ಣಮೂರ್ತಿಪುರಂನ ನಾಲ್ಕಾರು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದರು. ಅವರ ಕೈಯ ಹುರುಳಿ ಬಸ್ಸಾರಿಗೆ ಆ ಬೀದಿಯಲ್ಲಿ ಒಳ್ಳೇ ಹೆಸರಿತ್ತು. ಒಂದು ದಿನ ಲಕ್ವ ಹೊಡೆಯಿತು. ಮಾತು ಉಳಿಯಿತು, ಕೈ ಉಳಿಯಿತು, ಸೊಂಟದ ಕೆಳಗಿನ ಬಲ ಬಹುಪಾಲು ಹೋಯಿತು. ಯಾರಾದರೂ ಎತ್ತಿ ನಿಲ್ಲಿಸಿದರೆ ಅಡುಗೆಕಟ್ಟೆ ಹಿಡಿದು ಒಂದಿಷ್ಟು ಹೊತ್ತು ನಿಲ್ಲಬಲ್ಲವರಾಗಿದ್ದರು. ಹಗಲಲ್ಲಿ ಎತ್ತುವವರು ಯಾರು?

ಆ ಹೊತ್ತಿಗೆ ವಿಶ್ವವಿದ್ಯಾಲಯ ಒಂದು ಹೊಸ ನಿಯಮ ತಂದಿತ್ತು. ಪ್ರತಿ ತಂಡವೂ ಕ್ಯಾಂಪಸ್ಸಿನ ಹೊರಗೆ ಹೋಗಿ, ಒಬ್ಬ ನಿಜವಾದ ಮನುಷ್ಯನ ಒಂದು ನಿಜವಾದ ಕಷ್ಟ ಹುಡುಕಿ, ಅದಕ್ಕೆ ಯಂತ್ರ ಮಾಡಬೇಕು. ಸಮುದಾಯ ಸಹಭಾಗಿತ್ವ ಎಂದು ಅದಕ್ಕೆ ಹೆಸರು. ಗಗನ ಎಂಬ ಹುಡುಗಿ ಯಾರೂ ಸಿಗದೆ ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದಳು. ಮೂಗಯ್ಯ ಎರಡು ದಿನ ಹಿಂದೆಮುಂದೆ ನೋಡಿ, ಮೂರನೆಯ ದಿನ ಬಾಯಿ ಬಿಟ್ಟರು. "ನಮ್ಮನೇಲೇ ಒಬ್ರವ್ರೆ ಕಣವ್ವ."

ಗಗನ ಮತ್ತು ಅವಳ ಗೆಳತಿಯರು ತಿಂಗಳುಗಟ್ಟಲೆ ಆ ಒಂದೂವರೆ ಕೋಣೆಯ ಮನೆಗೆ ಓಡಾಡಿದರು. ಮಾಡಿದ್ದು ಒಂದು ಕುರ್ಚಿ. ಗುಂಡಿ ಒತ್ತಿದರೆ ಕೂರುವ ಹಲಗೆ ಹಿಂದಿನಿಂದ ಮೆಲ್ಲಗೆ ಮೇಲೇಳುತ್ತದೆ, ಕೂತವರನ್ನು ಕಾಲ ಮೇಲೆ ನಿಲ್ಲಿಸುತ್ತದೆ. ಮೊದಲ ಸಲ ನಿಂತಾಗ ಸೋಮಮ್ಮ ಕಿಟಕಿಯಾಚೆ ನೋಡಿ, "ಅಯ್ಯೋ, ಎದುರುಮನೆಯೋರು ಬಣ್ಣ ಹೊಡ್ಸವ್ರೆ! ನಂಗೆ ಹೇಳೇ ಇಲ್ವಲ್ರೀ" ಎಂದು ಗಂಡನ ಮೇಲೆ ರೇಗಿದರಂತೆ. ಮಾರನೆಯ ದಿನ ಒಲೆಯ ಮುಂದೆ ನಿಂತು ಒಗ್ಗರಣೆ ಹಾಕಿದರು. ಮನೆಗೆ ಮತ್ತೆ ಇಂಗಿನ ವಾಸನೆ ಬಂದ ಆ ದಿನವನ್ನು ನೆನೆಸಿಕೊಂಡರೆ ಮೂಗಯ್ಯನ ಕೈ ಕೆಲಸದ ನಡುವೆ ನಿಂತುಬಿಡುತ್ತದೆ.

ನಾಲ್ಕು ತಿಂಗಳು ಹಾಗೆ ಸುಖವಾಗಿ ನಡೆಯಿತು. ಅಷ್ಟರಲ್ಲಿ ಆ ಕುರ್ಚಿ ಹೊರ ಊರಿನ ಒಂದು ದೊಡ್ಡ ಸ್ಪರ್ಧೆಗೆ ಆಯ್ಕೆಯಾಯಿತು. ನಾಲ್ಕು ದಿನದಲ್ಲಿ ವಾಪಸ್ಸು ಎಂದು ಕೇಂದ್ರದವರು ಹೇಳಿದರು. ಇನ್ನೊಂದು ಮಾಡಲು ಸಮಯವಿರಲಿಲ್ಲ. ಮೂಗಯ್ಯನೇ ಹೊತ್ತು ತಂದು ವ್ಯಾನಿಗೆ ಹಾಕಿದರು. ಅಲ್ಲಿ ಬಹುಮಾನ ಬಂತು. ಬಹುಮಾನ ಬಂದದ್ದಕ್ಕೇ ಇನ್ನೊಂದು ವಾರ ಅಲ್ಲಿಯೇ ಇಡಿ, ದೊಡ್ಡವರು ನೋಡಲು ಬರುತ್ತಾರೆ ಎಂದು ಸ್ಪರ್ಧೆಯವರು ಹೇಳಿದರು.

ನಾಲ್ಕು ತಿಂಗಳು ನಿಂತು ನಿಂತು, ತಮ್ಮ ಕಾಲಿಗೇ ಬಲ ಬಂದಿದೆ ಎಂದು ಸೋಮಮ್ಮ ನಂಬಿದ್ದರು. ಕುರ್ಚಿ ಇಲ್ಲದ ಆರನೆಯ ದಿನ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು, ಕಟ್ಟೆ ಹಿಡಿದು ತಾವೇ ಎದ್ದರು. ಬಿದ್ದರು. ಸೊಂಟದ ಮೂಳೆ ಮುರಿಯಿತು. ಗಗನ ಬಸ್ಸಿಳಿದವಳೇ ಬಹುಮಾನದ ಫಲಕ ಹಿಡಿದುಕೊಂಡು ಆಸ್ಪತ್ರೆಗೆ ಬಂದಳು. ಸೋಮಮ್ಮ ಅದನ್ನು ಎದೆಯ ಮೇಲೆ ಇಟ್ಟುಕೊಂಡು ಸವರಿ, "ಇದ್ರಲ್ಲಿ ನಂದೂ ಅರ್ಧ ಐತೆ ಕಣವ್ವ" ಎಂದರು. ಮಲಗಿದವರು ಮತ್ತೆ ಏಳಲಿಲ್ಲ. ಮೂರನೆಯ ವಾರ ಹೋಗಿಬಿಟ್ಟರು.

ಇದು ಯಾರ ತಪ್ಪು ಎಂದು ಕೇಳಿದರೆ ಮೂಗಯ್ಯ ಯಾರ ಕಡೆಯೂ ಬೆರಳು ತೋರಿಸುವುದಿಲ್ಲ. ಗಗನ ಅವತ್ತಿನಿಂದ ತಿಂಗಳುಗಟ್ಟಲೆ ತರಗತಿಗೆ ಬರಲಿಲ್ಲ. ಅವಳ ಮನೆಗೆ ಹೋಗಿ ಕರೆತಂದವರು ಮೂಗಯ್ಯನೇ. "ಅವಳ್ನ ಬೈಕೊಂಡು ನಾನೇನ್ ಮಾಡ್ಲಿ ಸಾ? ನಮ್ಮನೆಯೋಳ್ನ ನಿಲ್ಸಿದ್ದೂ ಅವಳೇ ಅಲ್ವಾ?" ಕುರ್ಚಿ ಹಿಂದಕ್ಕೆ ಬಂದಾಗ ಗಗನ ಅದನ್ನು ಸ್ಟೋರಿಗೆ ಒಪ್ಪಿಸದೆ ಸದ್ದಿಲ್ಲದೆ ಮೂಗಯ್ಯನ ಮನೆಗೆ ತಲುಪಿಸಿದಳು. ಎರಡು ವರ್ಷ ಅದು ಅಲ್ಲಿಯೇ ಇತ್ತು. ಮೂಗಯ್ಯ ಅದರ ಎದುರು ಚಾಪೆ ಹಾಸಿಕೊಂಡು ಉಣ್ಣುತ್ತಿದ್ದರು. ಒಮ್ಮೆಯೂ ಅದರಲ್ಲಿ ಕೂರಲಿಲ್ಲ.

ಗಗನ ಓದು ಮುಗಿಸಿ ಈಗ ಅದೇ ಕೇಂದ್ರದಲ್ಲಿ ಒಂದು ಮೇಜು ಪಡೆದು, ಈ ಕುರ್ಚಿಯದೇ ಒಂದು ಸಣ್ಣ ಉದ್ಯಮ ಕಟ್ಟಲು ಹೆಣಗುತ್ತಿದ್ದಾಳೆ. ಎರಡನೆಯ ಕುರ್ಚಿ ಮಾಡಿ ಅಗ್ರಹಾರದ ಚಾಮುಂಡೇಶ್ವರಮ್ಮನವರ ಮನೆಗೆ ಕೊಟ್ಟಿದ್ದಾಳೆ. ಮಂಡಿ ಸವೆದು ಎದ್ದೇಳಲಾಗದ ವಿಧವೆ, ಒಬ್ಬರೇ ಇರುವುದು. ಬಂಡವಾಳಗಾರರು ಬರುತ್ತಾರೆ, ಮಾರುಕಟ್ಟೆ ಎಷ್ಟು ದೊಡ್ಡದು ಎಂದು ಕೇಳುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ಎದ್ದು ನಿಲ್ಲಲಾಗದವರನ್ನು ಮನೆಮನೆಗೆ ಹೋಗಿ ಎಣಿಸಿದವರು ಯಾರಿದ್ದಾರೆ?

ಈ ಸಲದ ಪ್ರದರ್ಶನಕ್ಕೆ ಕುರ್ಚಿ ಬೇಕೇಬೇಕು ಎಂದು ಕೇಂದ್ರದ ಪ್ರಾಧ್ಯಾಪಕರು ಪಟ್ಟು ಹಿಡಿದರು. ಗಗನ ಫೋಟೋ ಸಾಕು ಎಂದಿದ್ದಳು. ಅವಳಿಗೆ ತಿಳಿಸದೆಯೇ ಮೂಗಯ್ಯನನ್ನು ಕರೆದು, ಟೆಂಪೋ ತಗೊಂಡು ಹೋಗಿ ಅಗ್ರಹಾರದಿಂದ ಕುರ್ಚಿ ತನ್ನಿ, ಎರಡೇ ದಿನ ಎಂದರು. ಮೂಗಯ್ಯ ಹೋದರು. ಚಾಮುಂಡೇಶ್ವರಮ್ಮ ಕುರ್ಚಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಏನಪ್ಪಾ ಬಂದೆ?" ಎಂದರು. ಮೂಗಯ್ಯ ಚೀಲದಿಂದ ಸ್ಕ್ರೂಡ್ರೈವರ್ ತೆಗೆದರು. "ಸರ್ಯಾಗ್ ಓಡ್ತಾ ಐತಾ ನೋಡ್ಕಂಡ್ ಹೋಗಣ ಅಂತ ಬಂದೆ ಕಣಮ್ಮ" ಎಂದು, ನಾಲ್ಕು ಸ್ಕ್ರೂ ಬಿಗಿ ಮಾಡಿ, ಎಣ್ಣೆ ಬಿಟ್ಟು ಹೊರಟರು. ಟೆಂಪೋದವನಿಗೆ ತಮ್ಮ ಮನೆಯ ದಾರಿ ಹೇಳಿದರು.

ಹಾಗೆ ಸೋಮಮ್ಮನ ಕುರ್ಚಿ ಪ್ರದರ್ಶನಕ್ಕೆ ಬಂತು. ಬಂದವರೆಲ್ಲ ಕೂತು, ಗುಂಡಿ ಒತ್ತಿ, ಎದ್ದು, ನಕ್ಕು, ಸೆಲ್ಫಿ ತೆಗೆದುಕೊಂಡರು. ಮೂಗಯ್ಯನಿಗೆ ಅದನ್ನು ನೋಡಲು ಆಗಲಿಲ್ಲ, ಹೊರಗೆ ಹೋಗಿ ನೀರಿನ ಟ್ಯಾಂಕಿನ ಹತ್ತಿರ ನಿಂತರು. ಕುರ್ಚಿಯ ಗುರುತು ಹಿಡಿದ ಗಗನ ಅಲ್ಲಿಗೇ ಬಂದು ಪಕ್ಕದಲ್ಲಿ ನಿಂತಳು. ನಡೆದದ್ದು ತಿಳಿದು ಪ್ರಾಧ್ಯಾಪಕರು ಮೊದಲು ರೇಗಿದರು, ಪೂರ್ತಿ ಕೇಳಿದ ಮೇಲೆ ತಲೆ ತಗ್ಗಿಸಿದರು. ಬಂಡವಾಳ ಈ ಸಲವೂ ಸಿಗಲಿಲ್ಲ.

ಸಿಗದಿದ್ದ ಮೇಲೆ ಅದೂ ಬಿಚ್ಚುವ ಸಾಲಿಗೆ ಸೇರಿತು. ಸಂಜೆಯ ಬಿಸಿಲು ಮೇಜಿನ ತನಕ ಬಂದಿದೆ. ಉಳಿದವೆಲ್ಲ ಮುಗಿದು ಈಗ ಅದೊಂದೇ ಬಾಕಿ. ಸ್ಟೋರಿನ ಮಹದೇವಸ್ವಾಮಿ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳುತ್ತಾರೆ, "ಇದೊಂದ್ನ ಬುಟ್ಬುಡು ಮೂಗಣ್ಣ. ಮನೆಗೆ ತಗಂಡೋಗು. ನಾನ್ ನೋಡೇ ಇಲ್ಲ ಅನ್ಕತೀನಿ."

ಮೂಗಯ್ಯ ಬೇಡ ಎಂದು ತಲೆಯಾಡಿಸುತ್ತಾರೆ. ಈ ಬಗೆಯ ಮೋಟಾರು ಈಗ ಅಂಗಡಿಯಲ್ಲಿ ಸಿಗುತ್ತಿಲ್ಲ. "ಅಗ್ರಾರದ ಆಯಮ್ಮನ ಕುರ್ಚಿ ನಾಳೆ ಕೆಟ್ಟೋದ್ರೆ ಎಲ್ಲಿಂದ ತರ್ಲಿ ಸಾಮೇರಾ? ಇದು ಅವ್ರಿಗಂತ ಎತ್ತಿಟ್ಟಿರಿ. ಬ್ಯಾರೆ ಯಾರ್ಗೂ ಕೊಡ್ಬ್ಯಾಡಿ." ಒಂದೊಂದೇ ಸ್ಕ್ರೂ ಬರುತ್ತದೆ. ಕನ್ನಡಕವನ್ನು ಮಾತ್ರ ಮತ್ತೆ ಮತ್ತೆ ಒರೆಸಬೇಕಾಗುತ್ತದೆ. ಕೊನೆಗೆ ಮೋಟಾರು ಕೈಗೆ ಬರುತ್ತದೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಮಹದೇವಸ್ವಾಮಿಯ ಕೈಗೆ ಕೊಡುತ್ತಾರೆ.

ವಿಶ್ವವಿದ್ಯಾಲಯದಿಂದ ನಿಮಗೇನಾದರೂ ಆಗಬೇಕೆ ಎಂದು ಕೇಳಿದರೆ, ಗುತ್ತಿಗೆಯ ಮಾತು ಅವರು ಎತ್ತುವುದೇ ಇಲ್ಲ. ಗೋಣಿಚೀಲ ಕೊಡವಿ ಮಡಿಸುತ್ತಾ ನಿಧಾನವಾಗಿ ಹೇಳುತ್ತಾರೆ:

"ಮಕ್ಳು ಮಾಡ್ಲಿ ಸಾ, ಇನ್ನೂ ಮಾಡ್ಲಿ. ತೋರ್ಸಕ್ಕೆ ಒಂದು, ಮನೆಗೆ ಒಂದು ಮಾಡ್ಲಿ. ಮನೇಲಿರೋದ್ನ ಎತ್ಕಂಬಾ ಅಂತ ಮಾತ್ರ ಇನ್ಯಾರ್ನೂ ಕಳಿಸ್ಬ್ಯಾಡಿ. ಅವತ್ತು ಸ್ಪರ್ಧೆಗೆ ಅಂತ ನಾನು ಕೇಳಕ್ಕೋದಾಗ ನಮ್ಮನೆಯೋಳು ಅದ್ರಲ್ಲೇ ಕೂತಿದ್ಲು. ಹೋಗ್ಬರ್ಲಿ ಬುಡಿ, ಮಕ್ಳು ಗೆಲ್ಲಲಿ ಅಂದ್ಲು. ಗುಂಡಿ ಒತ್ತಿ, ಎದ್ದು ನಿಂತು, ತಾನೇ ಕೊಟ್ಲು ಸಾ."