ಆಂಡಾಳ್ ಸಹಿ ಹಾಕದ ಹಾಳೆ

ನೋಡದೆ ಸಹಿ ಹಾಕುವವರನ್ನು ಕಂಡರೆ ಆಂಡಾಳ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಶೇಷಾದ್ರಿಪುರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ಹೆಡ್ ಕ್ಲರ್ಕು, ಅವಳು ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಪ್ರಾಕ್ಟಿಕಲ್ ಮಾಡಿಸುವವಳು. ಹಾಜರಿ ಪಟ್ಟಿ ಕಳಿಸಿದರೂ ಬೆಂಚು ಬೆಂಚಿಗೆ ಹೋಗಿ ತಲೆ ಎಣಿಸಿ ಬಂದ ಮೇಲೇ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಳು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದಿದಾರೆ ಕಣೇ ದಾಕ್ಷಾಯಣಿ" ಎಂದು ನನಗೇ ಪಾಠ ಬೇರೆ. ನನ್ನ ಅರ್ಧ ಸರ್ವೀಸು ಅವಳ ಸಹಿಗೆ ಕಾಯುವುದರಲ್ಲೇ ಮುಗಿಯಿತು.

ಅವಳ ಮನೆ ಮಲ್ಲೇಶ್ವರದಲ್ಲಿ. ಅಯ್ಯಂಗಾರರ ಮನೆ, ಬೆಳ್ಳುಳ್ಳಿ ಕೂಡ ಹೊಸ್ತಿಲು ದಾಟುವಂತಿರಲಿಲ್ಲ. ಇವಳಿಗೋ ದಿನ ಬೆಳಗಾದರೆ ಮೀನು, ಕಪ್ಪೆ, ಏಡಿ. ಅದಕ್ಕೇ ಅತ್ತೆಯದೊಂದು ಕಟ್ಟಳೆ: ಸಂಜೆ ಕಾಲೇಜಿನಿಂದ ಬಂದವಳು ಹಿತ್ತಲ ಬಾಗಿಲಿನಿಂದ ನೇರ ಬಚ್ಚಲಿಗೆ, ತಲೆಗೆ ನೀರು ಹಾಕಿಕೊಂಡ ಮೇಲೆ ಅಡುಗೆಮನೆಗೆ. ಮೂವತ್ತು ವರ್ಷ ಅವಳ ಜಡೆ ಸಂಜೆ ಹೊತ್ತು ಒಣಗಿದ್ದನ್ನು ನಾನು ನೋಡಲಿಲ್ಲ. ಅತ್ತೆ ತೀರಿಕೊಂಡ ಮೇಲೂ ಅವಳು ಅದನ್ನು ಬಿಡಲಿಲ್ಲ.

ಮಾಮೂಲ್‌ಪೇಟೆಗೆ ಹೋಗಿ ಉಪ್ಪಿನಕಾಯಿಯ ಗಾಜಿನ ಭರಣಿಗಳನ್ನು ತಾನೇ ಆರಿಸಿ ತರುತ್ತಿದ್ದಳು. ಅದರಲ್ಲಿ ಮೀನು ಇಟ್ಟು, ಕೆಡದ ಹಾಗೆ ಫಾರ್ಮಲಿನ್ ತುಂಬುವುದು. ಆ ಭರಣಿಯನ್ನು ಎದುರಿಗಿಟ್ಟುಕೊಂಡು ಗೋಡೆಗೆ ತೂಗುಹಾಕುವ ಚಾರ್ಟುಗಳನ್ನು ಬಣ್ಣದಲ್ಲಿ ಬರೆಯುತ್ತಿದ್ದಳು. ಒಂದೊಂದು ಹುರುಪೆಯನ್ನೂ ಎಣಿಸಿ ಬರೆದ ಚಿತ್ರ. ಬೇರೆ ಕಾಲೇಜಿನವರು ನಕಲು ಕೇಳಿಕೊಂಡು ಬರುತ್ತಿದ್ದರು. ಇಷ್ಟೆಲ್ಲ ಆದರೂ ಅವಳು ಕಂಡ ಸಮುದ್ರ ಎಷ್ಟು ಗೊತ್ತೇ? ರಾಮೇಶ್ವರದಲ್ಲಿ ಮೂರು ಮುಳುಗು, ಅದೂ ಕಣ್ಣು ಮುಚ್ಚಿಕೊಂಡು.

೧೯೯೩ರಲ್ಲಿ ಆ ಲ್ಯಾಬಿಗೆ ಯಮುನಾ ಮೊಗೇರ ಎಂಬ ಹುಡುಗಿ ಬಂದಳು. ಮುರುಡೇಶ್ವರದ ಮೀನುಗಾರರ ಮನೆಯ ಮಗಳು, ಚಾಮರಾಜಪೇಟೆಯ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ಚಿತ್ರ ಬರೆಯುವುದರಲ್ಲಿ ಎತ್ತಿದ ಕೈ. ಒಂದು ಮಧ್ಯಾಹ್ನ ನಾನು ಯಥಾಪ್ರಕಾರ ಯಾವುದೋ ಸಹಿಗೆ ಕಾಯುತ್ತ ಲ್ಯಾಬಿನಲ್ಲಿ ನಿಂತಿದ್ದಾಗ ಆಂಡಾಳ್ ಆ ಹುಡುಗಿಯ ರೆಕಾರ್ಡ್ ಪುಸ್ತಕ ಎತ್ತಿ ಹಿಡಿದಳು. ಗಿಳಿಮೀನಿನ ಚಿತ್ರ. ನವಿಲಿನ ಕತ್ತಿನ ನೀಲಿ, ಅದರ ಮೇಲೆ ಹಸಿರು, ಬಾಯಿಯ ಹತ್ತಿರ ಗುಲಾಬಿ.

"ಭರಣಿಯಲ್ಲಿರೋದು ಕಂದು ಬಣ್ಣ. ಇದೇನಮ್ಮ, ದೀಪಾವಳಿ ಸೀರೆನಾ? ಇಲ್ಲಿ ಕಲ್ಪನೆ ಮಾಡಬಾರದು. ಕಂಡದ್ದನ್ನ ಬರೀಬೇಕು."

"ಕಂಡದ್ದೇ ಬರ್ದದ್ದು ಮೇಡಂ. ಅಪ್ಪನ ಬಲೆಗೆ ಬರ್ತದೆ."

"ಫಾರ್ಮಲಿನ್‌ನಲ್ಲಿ ಬಣ್ಣ ಸ್ವಲ್ಪ ಹೋಗುತ್ತೆ, ನನಗೂ ಗೊತ್ತು. ಇಷ್ಟೊಂದೆಲ್ಲ ಹೋಗಲ್ಲ."

ಕೆಂಪು ಪೆನ್ನಿನಿಂದ ಹಾಳೆಗೆ ಅಡ್ಡಗೆರೆ ಎಳೆದಳು. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಹುಡುಗಿ ಮರುದಿನ ಕಂದು ಮೀನು ಬರೆದು ತಂದಳು, ಸಹಿ ಬಿತ್ತು. ಪಾಸೂ ಆದಳು. ಆದರೆ ಅಲ್ಲಿಂದ ಮುಂದೆ ಅವಳು ಬೇಕಾದದ್ದಕ್ಕಿಂತ ಒಂದು ಗೆರೆ ಹೆಚ್ಚು ಎಳೆಯಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ನನಗೆ ಆಗ ಆಂಡಾಳ್ ಮೇಲೆ ನಿಜವಾಗಿ ಸಿಟ್ಟು ಬಂದಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳ ಜೊತೆ ವಾದ ಯಾರಿಗೆ ಬೇಕು ಎಂದು ಸುಮ್ಮನಾದೆ.

ಯಮುನಾ ಹರಿದು ಕಸದ ಬುಟ್ಟಿಗೆ ಹಾಕಿದ್ದ ಆ ಹಾಳೆಯನ್ನು ಆಂಡಾಳ್ ಎತ್ತಿ ಇಟ್ಟುಕೊಂಡಿದ್ದಾಳೆ ಎಂಬುದು ನನಗೆ ತಿಳಿದದ್ದು ಅವಳು ನಿವೃತ್ತಳಾದ ದಿನ, ಬೀರು ಖಾಲಿ ಮಾಡುವಾಗ. ಹಿಂದಿನಿಂದ ಅಂಟು ಹಚ್ಚಿ ಜೋಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದಳು.

"ಯಾಕೇ ಇಟ್ಕೊಂಡಿದೀಯ?"

"ಆ ಹುಡುಗಿದು ಸುಳ್ಳು ಹೇಳೋ ಮುಖ ಅಲ್ಲ ಕಣೇ" ಎಂದಳು.

೨೦೦೭ರಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಂಡಾಳ್ ಪೇಪರ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಪುರವಣಿಯಲ್ಲಿ ಬಣ್ಣದ ಫೋಟೋ. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಹತ್ತಿರ ಪ್ರವಾಸಿಗರನ್ನು ಕಡಲೊಳಗೆ ಇಳಿಸಿ ಮೀನು ತೋರಿಸುತ್ತಾರಂತೆ. ಒಬ್ಬ ಮುಳುಗುಗಾರ, ಪಕ್ಕದಲ್ಲಿ ಗಿಳಿಮೀನು. ನವಿಲುನೀಲಿ, ಹಸಿರು, ಬಾಯಿಯ ಹತ್ತಿರ ಗುಲಾಬಿ.

"ಸರಿ, ಆ ಹಾಳೆಗೆ ಸಹಿ ಹಾಕಿ ಪೋಸ್ಟ್ ಮಾಡ್ಬಿಡು" ಎಂದೆ.

"ಇದು ಯಾರೋ ನೋಡಿದ್ದು. ನಾನು ನೋಡದೆ ಹೇಗೆ ಹಾಕ್ಲಿ? ಅವತ್ತೂ ನೋಡದೇನೇ ಗೆರೆ ಎಳೆದೆ. ಇನ್ನೊಂದು ಸಲ ಅದನ್ನೇ ಮಾಡ್ಲಾ?"

ಕಾಲೇಜಿಗೆ ಹೋಗಿ ಹಳೆಯ ದಾಖಲಾತಿ ಪುಸ್ತಕದಲ್ಲಿ ಯಮುನಾಳ ವಿಳಾಸ ಹುಡುಕಿದ್ದು ನಾನೇ. ಅವಳೀಗ ತನ್ನೂರಿನಲ್ಲೇ ಪ್ರೈಮರಿ ಶಾಲೆಯ ಟೀಚರು. ಆಂಡಾಳ್ ಬರೆದ ಪತ್ರಕ್ಕೆ ಎರಡು ಸಾಲಿನ ಉತ್ತರ ಬಂತು: ಬನ್ನಿ, ಜನವರಿಯಲ್ಲಿ ಕಡಲು ಶಾಂತ ಇರುತ್ತದೆ. ಮೀನಿನ ಸುದ್ದಿಯೇ ಇರಲಿಲ್ಲ.

ಹೋದೆವು. ಯಮುನಾ ದಡದಲ್ಲೇ ಕಾಯುತ್ತಿದ್ದಳು. ಮುರುಡೇಶ್ವರದ ದಡದ ತುಂಬ ನಮ್ಮ ಬೆಂಗಳೂರಿನವರೇ, ಎಲ್ಲಿ ನೋಡಿದರೂ ಮಗಾ, ಮಚ್ಚಾ. ಅರವತ್ತು ವರ್ಷದ ಆಂಡಾಳ್ ಮಲ್ಲೇಶ್ವರದ ಡಾಕ್ಟರ ಸರ್ಟಿಫಿಕೇಟಿನ ಮೂರು ಪ್ರತಿ ತಂದಿದ್ದಳು. ನೀರಿಗಿಳಿಸುವ ಅನಿಲ್ ಕುಮಾರ್ ನಲವತ್ತು ದಾಟಿದ ಮನುಷ್ಯ.

"ಈಜು ಬರುತ್ತಾ ಅಮ್ಮ?"

"ಇಲ್ಲ."

"ಭಯ ಇದೆಯಾ?"

"ತುಂಬಾ ಇದೆ. ಇಳಿಯೋಕೆ ಅದು ಅಡ್ಡಿನಾ?"

ಅವರು ನಕ್ಕು ಕರಿ ರಬ್ಬರಿನ ಉಡುಪು ಕೊಟ್ಟರು. ಜನ್ಮದಲ್ಲಿ ಸೀರೆ ಬಿಟ್ಟು ಬೇರೆ ಉಡದವಳನ್ನು ಅದರೊಳಗೆ ತೂರಿಸುವಷ್ಟರಲ್ಲಿ ನನಗೂ ಯಮುನಾಗೂ ಬೆವರು ಇಳಿಯಿತು. ಯಮುನಾಗೆ ಈಗ ಮೂವತ್ತೈದರ ಹತ್ತಿರ. ಮರ್ಯಾದೆಯಿಂದ ಮಾತಾಡಿಸಿದಳು, ನಮ್ಮ ಜೊತೆ ದೋಣಿಯನ್ನೂ ಹತ್ತಿದಳು. ಹಳೆಯ ಹಾಳೆ ನನ್ನ ಚೀಲದಲ್ಲಿತ್ತು. ಅದರ ಮಾತನ್ನು ಇಬ್ಬರೂ ಎತ್ತಲಿಲ್ಲ.

ಒಂದೂವರೆ ಗಂಟೆಯ ದಾರಿಯಲ್ಲಿ ನಾನು ಬೆಳಗಿನ ಇಡ್ಲಿಯನ್ನೆಲ್ಲ ಸಮುದ್ರರಾಜನಿಗೆ ಒಪ್ಪಿಸಿದೆ. ನೇತ್ರಾಣಿ ಬಂತು. ಉಸಿರಾಡುವ ಕೊಳವೆಯ ತುದಿಯನ್ನು ಬಾಯಲ್ಲಿ ಕಚ್ಚಿ ಹಿಡಿಯಿರಿ ಎಂದರು ಅನಿಲ್ ಕುಮಾರ್. ಆಂಡಾಳ್ ಅದನ್ನೇ ನೋಡುತ್ತ ಕೂತಳು. ನನಗೆ ಅರ್ಥವಾಯಿತು. ಇನ್ನೊಬ್ಬರ ಲೋಟ ತುಟಿಗೆ ತಾಗಿಸದೆ ಬೆಳೆದ ಜೀವ. ಇದು ಊರ ಮಂದಿಯ ಬಾಯಲ್ಲಿದ್ದು ಬಂದದ್ದು.

"ತೊಳೆದಿದಾರೆ ಕಣೇ" ಎಂದೆ.

"ತೊಳೆದ್ರೂ ಎಂಜಲು ಎಂಜಲೇ" ಎಂದಳು. ಕಣ್ಣು ಮುಚ್ಚಿ ಬಾಯಿಗೆ ಇಟ್ಟುಕೊಂಡಳು.

ಅನಿಲ್ ಕುಮಾರ್ ಅವಳ ಕೈ ಹಿಡಿದು ಮೊದಲು ದೋಣಿಯ ಪಕ್ಕದಲ್ಲೇ ಉಸಿರಾಟ ಕಲಿಸಿದರು. ಆಮೇಲೆ ಇಬ್ಬರೂ ಮರೆಯಾದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ದೋಣಿಯವನ ಹತ್ತಿರ ನೀರೊಳಗೆ ನೋಡುವ ಕನ್ನಡಕ ಇಸಿದುಕೊಂಡು, ಏಣಿ ಗಟ್ಟಿಯಾಗಿ ಹಿಡಿದು, ಮುಖವನ್ನು ನೀರಿಗಿಟ್ಟೆ.

ಅಬ್ಬಾ, ಅದನ್ನು ಹೇಗೆ ಹೇಳಲಿ. ಮೇಲೆ ಕಾಣುತ್ತಿದ್ದ ಕಪ್ಪು ನೀರು ಒಳಗೆ ಕಪ್ಪೇ ಅಲ್ಲ. ಬೆಳಕು ಕೆಳಗಿನವರೆಗೂ ಇಳಿದಿತ್ತು. ಅಲ್ಲಿ, ಮೂರು ಆಳಿನ ಆಳದಲ್ಲಿ, ನನ್ನ ಆಂಡಾಳ್ ತೂಕವೇ ಇಲ್ಲದವಳಂತೆ ನಿಂತಿದ್ದಳು. ಅವಳ ನರೆತ ಜಡೆ ತಾನಾಗಿ ಮೇಲೆದ್ದು ತೇಲುತ್ತಿತ್ತು. ಸುತ್ತ ಮೀನು, ಮೇಲೆ ಮೀನು, ತೋಳಿನ ಸಂದಿಯಲ್ಲಿ ಮೀನು. ಭರಣಿಯ ಬಣ್ಣದ್ದು ಒಂದೂ ಇಲ್ಲ. ನಾನು ಲ್ಯಾಬಿನ ಗೋಡೆಯನ್ನು ಮೂವತ್ತು ವರ್ಷ ನೋಡಿದವಳು. ಆ ಗೋಡೆಯ ಮೇಲಿದ್ದದ್ದು ಬರೀ ಹೆಣಗಳು ಎಂದು ನನಗೆ ಹೊಳೆದದ್ದು ಆ ಏಣಿಯ ಮೇಲೆ. ಕೈ ಮುಗಿಯಬೇಕೆನ್ನಿಸಿತು. ಏಣಿ ಬಿಡುವ ಧೈರ್ಯ ಬರಲಿಲ್ಲ.

ಅರ್ಧ ಗಂಟೆಗೆ ಅವಳು ಮೇಲೆ ಬಂದಳು. ಕನ್ನಡಕ ತೆಗೆದರೆ ಕಣ್ಣಿನ ತುಂಬ ನೀರು, ಅದು ಕಡಲಿನದಲ್ಲ.

"ಬಂಡೆ ಅಗಿಯುತ್ತೆ ಕಣೇ ಆ ಗಿಳಿಮೀನು. ಕಟಕಟ ಅಂತ ಸದ್ದು ಕೇಳಿಸ್ತು ನನಗೆ, ಹುರಿಗಡಲೆ ಅಗಿದ ಹಾಗೆ. ಯಾವ ಪುಸ್ತಕದಲ್ಲೂ ನಾನು ಆ ಸದ್ದು ಓದಿರ್ಲಿಲ್ಲ."

ಕೈ ಒರೆಸಿಕೊಂಡು ಹಾಳೆ ಕೇಳಿದಳು. ಹದಿನಾಲ್ಕು ವರ್ಷದ ಹಿಂದಿನ ಅಡ್ಡಗೆರೆಯ ಕೆಳಗೆ ಅದೇ ಕೆಂಪು ಬಣ್ಣದ ಪೆನ್ನಿನಲ್ಲಿ ಸಹಿ ಹಾಕಿ, ಆ ದಿನದ ತಾರೀಖು ಬರೆದು ಯಮುನಾಳ ಮುಂದೆ ಹಿಡಿದಳು.

"ನೀನು ಕಂಡದ್ದನ್ನೇ ಬರೆದಿದ್ದೆ. ನಾನು ಕಾಣದೆ ತಪ್ಪು ಅಂದೆ. ಕ್ಷಮಿಸಮ್ಮ."

ಯಮುನಾ ಅಂಟಿನ ಕಲೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು: "ನೀರೊಳಗೆ ಅದು ಹ್ಯಾಗಿರ್ತದೆ ಮೇಡಂ? ನಾ ಕಂಡದ್ದು ದಡಕ್ಕೆ ಬಂದ ಬಲೆಯಲ್ಲಿ, ಸಾಯುವಾಗ. ನಮ್ಮಲ್ಲಿ ಹೆಂಗಸ್ರು ದೋಣಿ ಹತ್ತುವ ರೂಢಿ ಇಲ್ಲ. ನಾ ಹತ್ತಿದ್ದೇ ಇವತ್ತು."

ನಾನೂ ಆಂಡಾಳೂ ಮುಖ ಮುಖ ನೋಡಿಕೊಂಡೆವು. ಬೆಂಗಳೂರಿನವರೆಲ್ಲ ಬಂದು ನೋಡಿ ಹೋಗುವ ಕಡಲು. ಅದರ ಅನ್ನ ಉಂಡು ಬೆಳೆದವಳು ಅದರೊಳಗೆ ಇಣುಕಿರಲಿಲ್ಲ. ಆಂಡಾಳ್ ಹೇಳಲು ಬಾಯಿ ತೆರೆದಳು, ಹಾಗೇ ಮುಚ್ಚಿದಳು.

"ನಾನು ಹೇಳಿದ್ರೆ ಅದು ನಾನು ಕಂಡದ್ದಾಗುತ್ತೆ. ಅನಿಲ್ ಅವರೇ, ಇನ್ನೊಬ್ಬರನ್ನ ಇಳಿಸೋಕಾಗುತ್ತಾ?"

ಉಸಿರಾಟದ ಗಾಳಿ ತುಂಬಿದ ಸಿಲಿಂಡರ್ ಇನ್ನೊಂದಿತ್ತು. ಆಂಡಾಳ್ ಬಿಚ್ಚಿಕೊಟ್ಟ ಒದ್ದೆ ಉಡುಪನ್ನೇ ತೊಟ್ಟು, ಉಸಿರಾಟ ಕಲಿತು, ಯಮುನಾ ಇಳಿದಳು. ಮೇಲೆ ಬಂದಾಗ ಚಳಿಗೆ ನಡುಗುತ್ತಿದ್ದಳು. ನಾನು ಟವೆಲ್ ಹೊದಿಸಿದೆ. ಆಂಡಾಳ್ ಆ ಹಾಳೆಯನ್ನೇ ಹಿಂಬದಿಗೆ ತಿರುಗಿಸಿ ಪೆನ್ಸಿಲ್ ಜೊತೆ ಅವಳ ತೊಡೆಯ ಮೇಲಿಟ್ಟಳು.

"ಬರಿ" ಎಂದಳು.

ದಡ ಮುಟ್ಟುವವರೆಗೆ ಯಮುನಾ ತಲೆ ಎತ್ತಲಿಲ್ಲ. ಗಿಳಿಮೀನಲ್ಲ, ಒಂದು ಆಮೆ. ರೆಕ್ಕೆಯಂಥ ಕೈ ಬೀಸಿ ಹೋಗುವ ಆಮೆ, ಅದರ ಬೆನ್ನ ಹಿಂದೆ ಸಣ್ಣ ಸಣ್ಣ ಮೀನು. ಬರೆದು ಮುಗಿಸಿ, ಹಳೆಯ ಅಭ್ಯಾಸದಂತೆ ಎದ್ದು ನಿಂತು ಮೇಡಂ ಕೈಗೆ ಕೊಟ್ಟಳು. ಆಂಡಾಳ್ ಮೂಗಿನ ಮೇಲೆ ಓದುವ ಕನ್ನಡಕ ಸರಿಮಾಡಿಕೊಂಡು ಗೆರೆಗೆರೆಯನ್ನೂ ನೋಡಿದಳು. ನಾನು ಚೀಲದಿಂದ ಕೆಂಪು ಪೆನ್ನು ತೆಗೆದುಕೊಟ್ಟೆ.

"ಇದನ್ನ ನಾನು ಕಂಡಿಲ್ಲ" ಎಂದು ಆಂಡಾಳ್ ಪೆನ್ನನ್ನು ಯಮುನಾಳತ್ತ ಚಾಚಿದಳು. "ಕಂಡಿರೋದು ನೀನು. ಸಹಿ ನೀನೇ ಹಾಕು."

ಯಮುನಾ ಟವೆಲ್ಲಿಗೆ ಕೈ ಒರೆಸಿಕೊಂಡು, ಆಮೆಯ ಕೆಳಗೆ ತನ್ನ ಪೂರ್ತಿ ಹೆಸರು ಬರೆದಳು.