ಖಾಜಾಸಾಬರು ಎಳೆದ ಗೆರೆ

ಖಾಜಾಸಾಬರು ಕಲ್ಲನ್ನು ನೆಕ್ಕುತ್ತಿದ್ದರು. ಹಳ್ಳದಿಂದ ಎತ್ತಿದ ಕಲ್ಲನ್ನು ಲುಂಗಿಗೆ ಒರೆಸಿ, ನಾಲಿಗೆಯ ತುದಿಯಿಂದ ಒಮ್ಮೆ ಸವರಿ, ಒದ್ದೆಯಾದ ಜಾಗವನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಆಮೇಲೆ ಕಲ್ಲು ಒಂದೋ ಚೀಲಕ್ಕೆ, ಇಲ್ಲವೇ ಮತ್ತೆ ಹಳ್ಳಕ್ಕೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಭೂತಗನ್ನಡಿ, ಹೆಸರಿನ ಚೀಟಿಗಳು, ಕಲ್ಲುಗಳ ಬಗೆಗಿನ ನಾಲ್ಕು ಪುಸ್ತಕ ಎಲ್ಲ ಇಟ್ಟುಕೊಂಡವನು. ಆದರೆ ಅವರ ನಾಲಿಗೆಗೆ ತಿಳಿದದ್ದು ನನ್ನ ಭೂತಗನ್ನಡಿಗೆ ತಿಳಿಯುತ್ತಿರಲಿಲ್ಲ. ಇದನ್ನು ನನ್ನಿಂದ ಸಹಿಸಲಾಗುತ್ತಿರಲಿಲ್ಲ.

ಸಿಂದಗಿಯಲ್ಲಿ ಅವರದು ಸುಟ್ಟ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಅಂಗಡಿ. ಹೊಟ್ಟೆಪಾಡು ಅದು, ಹುಚ್ಚು ಮಾತ್ರ ಹಿಂದಿನ ತಗಡಿನ ಶೆಡ್ಡಿನಲ್ಲಿತ್ತು. ನಮ್ಮ ಹಳ್ಳಗಳಲ್ಲಿ ಸಿಗುವ ಅಕೀಕ ಕಲ್ಲು, ಪುಸ್ತಕದ ಅಗೇಟ್, ಹೊರಗಿನಿಂದ ಮಣ್ಣು ಮೆತ್ತಿದ ಆಲೂಗಡ್ಡೆಯ ಹಾಗೆ. ಕೊಯ್ದರೆ ಒಳಗೆ ಪಟ್ಟೆ ಪಟ್ಟೆ ಬಣ್ಣ. ನಾನು ದೂರದಿಂದ ತರಿಸಿದ್ದ ಪುಟ್ಟ ಮಷಿನ್ ಮುಷ್ಟಿಗಿಂತ ದೊಡ್ಡ ಕಲ್ಲು ಕೊಯ್ಯುತ್ತಿರಲಿಲ್ಲ. ಅವರ ಗರಗಸವೋ, ಹಳೆಯ ಹಿಟ್ಟಿನ ಗಿರಣಿಯ ಚೌಕಟ್ಟಿಗೆ ಎರಡಡಿಯ ವಜ್ರದ ಬ್ಲೇಡ್ ಕೂರಿಸಿ ತಾವೇ ಕಟ್ಟಿದ್ದು. ಕೆಳಗೆ ಎಣ್ಣೆಯ ತೊಟ್ಟಿ. ಗಾಲಿಯ ಹಲಗೆಗೆ ಕಲ್ಲನ್ನು ಬಿಗಿದು, ಹಲಗೆಗೆ ಕಟ್ಟಿದ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಅದರ ತುದಿಗೆ ಮರಳು ತುಂಬಿದ ಡಬ್ಬಿ ತೂಗಬಿಡುತ್ತಿದ್ದರು. ಡಬ್ಬಿ ಕೆಳಗಿಳಿದಷ್ಟೂ ಕಲ್ಲು ತಾನಾಗಿ ಬ್ಲೇಡಿನತ್ತ ಸರಿಯುತ್ತಿತ್ತು.

"ಕೈಲೆ ದೂಡಿದ್ರ ನಮ್ಮ ಅವಸರ ಕಲ್ಲಿಗೆ ಹತ್ತತೈತ್ರಿ ಮಾಸ್ತರ್ರ. ಮರಳಿಗೆ ಎಲ್ಲಿ ಅವಸರ?" ಎನ್ನುತ್ತಿದ್ದರು.

ಎಲ್ಲಿ ಕೊಯ್ಯಬೇಕು ಎಂಬುದೇ ಈ ಕೆಲಸದ ಜೀವ. ಅವರು ಕಲ್ಲನ್ನು ಕಿಟಕಿಯಲ್ಲಿಟ್ಟು ದಿನಕ್ಕೊಮ್ಮೆ ಹೊರಳಿಸಿ, ಎಂಟೋ ಹತ್ತೋ ದಿನದ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಿದ್ದರು. ಆ ಗೆರೆ ತಪ್ಪಿದ್ದನ್ನು ನಾನು ಕಾಣೆ. ಒಂದೇ ಹಳ್ಳ, ಒಂದೇ ದಿನ ಆಯ್ದ ಕಲ್ಲುಗಳು. ನನ್ನದರಲ್ಲಿ ಬರೀ ಪಟ್ಟೆ, ಅವರದರಲ್ಲಿ ಸುತ್ತು ಸುತ್ತಾಗಿ ಬಿಚ್ಚಿದ ಕಣ್ಣು. "ನಿಮ್ದೂ ಚಲೋ ಬಂದೈತ್ರಿ" ಎಂದು ಅವರು ಹೊಗಳಿದರೆ ಮೈಯೆಲ್ಲ ಉರಿಯುತ್ತಿತ್ತು. ಸಾಲದ್ದಕ್ಕೆ ನನ್ನ ಹೆಂಡತಿ, ಮನೆಗೆ ಬಂದವರಿಗೆ ನನ್ನ ಕಲ್ಲುಗಳ ಕಪಾಟು ತೋರಿಸಿ, "ಖಾಜಾಸಾಬ್ ಕಾಕಾರ ಕಲ್ಲು ನೋಡ್ಬೇಕ್ರಿ ನೀವು" ಎನ್ನುತ್ತಿದ್ದಳು.

ಒಮ್ಮೆ ಮೋರಟಗಿಯಾಚೆಯ ಹಳ್ಳದಲ್ಲಿ ಕುಂಬಳಕಾಯಿ ಗಾತ್ರದ ಅಕೀಕ ನನಗೆ ಸಿಕ್ಕಿತು. ಅವರಿಗಲ್ಲ, ನನಗೆ. ತಿಂಗಳುಗಟ್ಟಲೆ ಮನೆಯಲ್ಲೇ ಬಚ್ಚಿಟ್ಟೆ. ಕೊನೆಗೆ ನನ್ನ ಮಷಿನ್ನಿಗೆ ಆಗದ ಕಲ್ಲೆಂದು ನಾನೇ ಗೆರೆ ಎಳೆದು ಅವರ ಶೆಡ್ಡಿಗೆ ಹೊತ್ತುಕೊಂಡು ಹೋದೆ. ಅವರು ನೆಕ್ಕಿದರು, ಎಂಟು ದಿನ ಹೊರಳಿಸಿದರು, ಹೆಬ್ಬೆರಳಿನಿಂದ ನನ್ನ ಗೆರೆ ಅಳಿಸಿದರು. "ನಿಮ್ಮ ಗೆರಿಗೆ ಬರೇ ಪಟ್ಟಿ ಬರ್ತಾವ್ರಿ. ಇಲ್ಲಿ ಕೊಯ್ದ್ರ ಕಣ್ಣ ಬರತೈತಿ." ಆಗಲಿ ಎಂದೆ. ಬೇರೇನು ಅನ್ನಲಿ?

ಶುಕ್ರವಾರ ಮಧ್ಯಾಹ್ನ. ಕಲ್ಲು ಅರ್ಧ ಕೊಯ್ದಾಗಿತ್ತು. ನಮಾಜಿಗೆ ಹೊರಟವರು ಬಾಗಿಲಲ್ಲಿ ನಿಂತು, "ಕರೆಂಟ್ ಹೋದ್ರ ಮೊದಲ ಡಬ್ಬಿ ತೆಗೆದು ಕೆಳಗ ಇಡ್ರಿ. ಕರೆಂಟ್ ಬಂದ ಕೂಡ್ಲೆ ಮೋಟಾರ್ ತಾನಾ ಶುರು ಆಗತೈತಿ. ಕಲ್ಲು ಬ್ಲೇಡಿಗೆ ಒತ್ತಿಕೊಂಡಿದ್ರ ಬ್ಲೇಡ್ ಸೊಟ್ಟ ಆತಂತ ತಿಳೀರಿ" ಎಂದರು.

ಕರೆಂಟ್ ಹೋಯಿತು. ಎಣ್ಣೆ ಒರೆಸುತ್ತಿದ್ದ ನಾನು ಎದ್ದು ಹೋಗಿ ಡಬ್ಬಿಯ ಮೇಲೆ ಎರಡೂ ಕೈ ಇಟ್ಟೆ. ಆಗ ತಲೆಗೆ ಬಂತು: ಕಲ್ಲು ನನ್ನದು, ಆದರೆ ಕಣ್ಣು ಬಿಟ್ಟರೆ ಊರವರು ಅದನ್ನು ಖಾಜಾಸಾಬರ ಕಲ್ಲು ಎನ್ನುತ್ತಾರೆ. ಕೈ ಹಿಂದಕ್ಕೆ ತೆಗೆದುಕೊಂಡೆ. ಸ್ಟೂಲಿನ ಮೇಲೆ ಕೂತೆ. ಹತ್ತು ನಿಮಿಷದ ಮೇಲೆ ಕರೆಂಟ್ ಬಂತು. ಗರಗಸ ಕಿವಿ ಹರಿಯುವಂತೆ ಕಿರುಚಿತು, ಬ್ಲೇಡ್ ಬಾಗಿತು, ಕಲ್ಲು ಮೂರು ತುಂಡಾಯಿತು. ಒಂದು ತುಂಡಿನಲ್ಲಿ ಅರ್ಧ ಕಣ್ಣು ಕಾಣುತ್ತಿತ್ತು.

ನಮಾಜು ಮುಗಿಸಿ ಬಂದ ಖಾಜಾಸಾಬರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. "ಮರತ್ರೇನು?"

"ಮರತೆ."

"ಹೋಗ್ಲಿ ಬಿಡ್ರಿ" ಎಂದು ಚಹಾ ತರಿಸಿದರು. ಹೊಸ ಬ್ಲೇಡ್ ಬರಲು ಐದಾರು ತಿಂಗಳು ಹಿಡಿಯಿತು. ಅಷ್ಟೂ ದಿನ ಶೆಡ್ಡು ಸುಮ್ಮನಿತ್ತು. ಅವರು ಒಂದು ಮಾತೂ ಎತ್ತಲಿಲ್ಲ. ಹಾಗೆ ಇರಬಲ್ಲರಲ್ಲ ಎಂದು ಅದಕ್ಕೂ ನನಗೆ ಹೊಟ್ಟೆಕಿಚ್ಚು.

ಹೋದ ವರ್ಷ ಅವರ ಕೈ ನಡುಗತೊಡಗಿತು. ಅಂಗಡಿ ಮುಚ್ಚಿ ಬಸವನ ಬಾಗೇವಾಡಿಯ ಮಗಳ ಮನೆಗೆ ಹೋದರು. ನೋಡಲು ಹೋದಾಗ ಮಂಚದ ಕೆಳಗಿನಿಂದ ಒಂದು ದೊಡ್ಡ ಕಲ್ಲು ತೆಗೆಸಿದರು. ಅದರ ಮೇಲೆ ಗೆರೆಯಿತ್ತು, ನಡುಗುತ್ತ ಎಳೆದದ್ದು.

"ನನ್ನ ಗರಗಸ ನೀವು ಒಯ್ರಿ. ಇದನ್ನ ಕೊಯ್ದು ತಂದು ತೋರಸ್ರಿ" ಎಂದವರು ಸ್ವಲ್ಪ ತಡೆದು, "ಈ ಸಲ ಡಬ್ಬಿ ತೆಗೀರಿ ಮಾಸ್ತರ್ರ. ಅವತ್ತ ಡಬ್ಬಿ ಮ್ಯಾಲೆ ನಿಮ್ಮ ಎಣ್ಣಿಗೈ ಗುರುತು ಹಸಿ ಇತ್ತು. ಮರತವರು ಡಬ್ಬಿ ಮುಟ್ಟೂದಿಲ್ಲ" ಎಂದರು.

ನಾನು ಕಲ್ಲನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ. ಅವರೇ, "ಚಾ ಕುಡೀರಿ, ಆರಾಕತ್ತೈತಿ" ಎಂದರು.

ಗರಗಸ ನಮ್ಮ ಹಿತ್ತಲಿಗೆ ಬಂತು. ಅದನ್ನು ಕೂರಿಸಿ ಕೆಲಸಕ್ಕೆ ಹಚ್ಚುವಷ್ಟರಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮೇಲೆ ಬಹಳ ದಿನ ಕಲ್ಲಿನ ಕಡೆ ನೋಡಲಿಲ್ಲ. ಮೊನ್ನೆ ಭಾನುವಾರ ಕೊಯ್ಯಲು ಹಚ್ಚಿದೆ. ಕರೆಂಟ್ ಎರಡು ಸಲ ಹೋಯಿತು. ಎರಡು ಸಲವೂ ಓಡಿಹೋಗಿ ಡಬ್ಬಿ ಇಳಿಸಿದೆ. ಸಂಜೆಯ ಹೊತ್ತಿಗೆ ಕಲ್ಲು ಎರಡಾಯಿತು. ಎಣ್ಣೆ ಒರೆಸಿ ನೋಡಿದೆ. ಕಣ್ಣಿಲ್ಲ, ಪಟ್ಟೆಯೂ ಇಲ್ಲ. ರಸ್ತೆಗೆ ಹಾಕುವ ಜಲ್ಲಿಯ ಹಾಗೆ ಬೂದು.

ಗೆರೆ ತಪ್ಪಿತ್ತು! ಖಾಜಾಸಾಬರ ಗೆರೆ! ಹೇಳಲು ನಾಚಿಕೆ, ನಾನು ಒಬ್ಬನೇ ನಿಂತು ಜೋರಾಗಿ ನಕ್ಕೆ. ಆ ತುಂಡನ್ನು ಚೀಲಕ್ಕೆ ಹಾಕಿ, ಬಾಗೇವಾಡಿ ಬಸ್ಸು ಹಿಡಿಯಲೆಂದು ಗೂಟದ ಮೇಲಿನ ಅಂಗಿ ಎಳೆದುಕೊಂಡೆ. ಒಂದು ಕೈ ತೋಳಿನೊಳಗೆ ಹೋಗಿತ್ತು. ಇನ್ನೊಂದನ್ನು ತೂರಿಸುವಷ್ಟರಲ್ಲಿ ನೆನಪಾಯಿತು, ಅವರು ಹೋಗಿ ಆಗಲೇ ಎರಡು ತಿಂಗಳು.