ಮೊದಲ ಕರೆ ಅಂಜಿನಕ್ಕನಿಗೆ

ಕೊಟ್ಟೂರಿನ ಬಸ್ ನಿಲ್ದಾಣದ ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಿರ್ಚಿ ಅಂಗಡಿಯವರು ಒಲೆ ಹೊತ್ತಿಸುವ ಮೊದಲೇ ರಸ್ತೆ ಪಕ್ಕ ಗಂಟುಮೂಟೆಗಳ ಸಾಲು ಬೆಳೆದಿದೆ. ಜೋಳದ ಹಿಟ್ಟಿನ ಚೀಲ, ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಹಗ್ಗ ಬಿಗಿದ ಕೌದಿ, ಮಸಿ ಹಿಡಿದ ಪಾತ್ರೆ. ದೀಪಾವಳಿ ಕಳೆಯಿತೆಂದರೆ ಈ ಸೀಮೆಯ ಕೂಲಿಯವರು ಕಾಫಿ ಹಣ್ಣು ಬಿಡಿಸಲು ಘಟ್ಟದ ಕಡೆ ಗುಳೆ ಹೊರಡುತ್ತಾರೆ. ಹೋಗುವವರು ಅಪ್ಪ, ಅವ್ವ. ಉಳಿಯುವವರು ಶಾಲೆಯ ಮಕ್ಕಳು, ಆ ಮಕ್ಕಳನ್ನು ನೋಡಿಕೊಳ್ಳುವ ಮುದುಕಿಯರು.

ಆ ಗಂಟುಗಳ ನಡುವೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಒಂದು ಕಾಲು ಚಾಚಿ ಕುಳಿತವರು ಅಂಜಿನಕ್ಕ. ತಲೆಗೆ ಮಫ್ಲರ್, ಹಲ್ಲಿನ ನಡುವೆ ಸಣ್ಣ ಸ್ಕ್ರೂಡ್ರೈವರ್. ಭೂಮಿಕಾ ಎಂಬ ಪುಟ್ಟ ಹುಡುಗಿಯ ಕೈಗಡಿಯಾರದ ಬೆನ್ನು ಬಿಚ್ಚಿ, ಕಿರುಬೆರಳಿನ ಉಗುರಿನಷ್ಟು ಸಿಮ್ಮನ್ನು ಅದರೊಳಗೆ ಕೂರಿಸುತ್ತಿದ್ದಾರೆ. ಹೆಸರಿಗೆ ವಾಚು, ಮಾಡುವುದು ಫೋನಿನ ಕೆಲಸ. ಮೊಬೈಲು ತರಬೇಡಿ ಎನ್ನುತ್ತದೆ ಶಾಲೆ. ತರೋಣವೆಂದರೂ ಈ ಮಕ್ಕಳ ಮನೆಯಲ್ಲಿ ಇನ್ನೊಂದು ಮೊಬೈಲಿಲ್ಲ. ವಾಚಾದರೆ ಮೇಷ್ಟ್ರು ಸುಮ್ಮನಿರುತ್ತಾರೆ. ಮಗು ಅದರಲ್ಲೇ ಮಾತಾಡಬಹುದು, ಕೆಂಪು ಗುಂಡಿ ಒತ್ತಿದರೆ ಅವ್ವನಿಗೆ ಕರೆ ಹೋಗುತ್ತದೆ. ಭೂಮಿಕಾಳ ಕೈ ಎಷ್ಟು ಸಣ್ಣದೆಂದರೆ ಪಟ್ಟಿಯ ಕೊನೆಯ ತೂತಿಗೆ ಹಾಕಿದರೂ ವಾಚು ಮೊಣಕೈವರೆಗೆ ಜಾರುತ್ತದೆ. ಅಂಜಿನಕ್ಕ ಚೀಲದಿಂದ ದಬ್ಬಳ ತೆಗೆದು, ಲೈಟರಿನಲ್ಲಿ ಕಾಯಿಸಿ ಇನ್ನೊಂದು ತೂತು ಹಾಕಿಕೊಡುತ್ತಾರೆ.

ಈ ವಾಚಿಗೆ ಜೀವ ಬರಬೇಕಾದರೆ ದೊಡ್ಡವರೊಬ್ಬರ ಸ್ಮಾರ್ಟ್‌ಫೋನ್ ಬೇಕು. ಅದರಲ್ಲಿ ಆ್ಯಪ್ ಹಾಕಿ, ಮಗುವಿನ ಜೊತೆ ಯಾರು ಯಾರು ಮಾತಾಡಬಹುದೆಂದು ನಂಬರು ತುಂಬಬೇಕು. ಗುಳೆ ಹೋಗುವವರ ಸೊಂಟದಲ್ಲಿರುವುದು ಗುಂಡಿ ಒತ್ತುವ ಹಳೇ ಫೋನು. ಹಾಗಾಗಿ ಅಂಜಿನಕ್ಕ ತಮ್ಮ ಫೋನಿನಲ್ಲೇ ಎಲ್ಲ ಮಕ್ಕಳನ್ನೂ ಸೇರಿಸಿಕೊಂಡಿದ್ದಾರೆ. ಕೊಟ್ಟೂರು, ಕೂಡ್ಲಿಗಿ, ಪಕ್ಕದ ಅರಸೀಕೆರೆ ಕಡೆಯ ಮೂವತ್ತಕ್ಕೂ ಹೆಚ್ಚು ಮಕ್ಕಳಿಗೆ ಆ್ಯಪಿನ ಪ್ರಕಾರ ಇವರೇ ತಾಯಿ. ಮದುವೆಯಾಗದೇ ಇಷ್ಟು ಮಕ್ಕಳನ್ನು ಹಡೆದಾಕಿ ಎಂದು ನಿಲ್ದಾಣದ ಹೂವಿನವರು ಚೇಷ್ಟೆ ಮಾಡುತ್ತಾರೆ. ಅಂಜಿನಕ್ಕ ನಗುತ್ತ ಮುಂದಿನ ವಾಚಿಗೆ ಕೈ ಹಾಕುತ್ತಾರೆ.

ವಾಚು ಕಟ್ಟಿದ ಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ತಾಯಂದಿರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಅಂಜಿನಕ್ಕ ತಮ್ಮ ನಂಬರನ್ನು ಬಾಯಿಪಾಠ ಮಾಡಿಸುತ್ತಾರೆ. ಚೀಟಿಯಲ್ಲಿ ಬರೆದುಕೊಟ್ಟರೆ ಅದು ಸೀರೆಯ ಜೊತೆ ಒಗೆದುಹೋಗುತ್ತದೆ, ಓದಲು ಬರುವವರೂ ಕಡಿಮೆ. ಹಿಂದೊಮ್ಮೆ ಯಾರೋ ಮುದುಕಿ ಆ ಹತ್ತು ಅಂಕಿಗಳನ್ನು ಸೋಬಾನೆಯ ಧಾಟಿಗೆ ಕೂರಿಸಿ ಹಾಡಿಬಿಟ್ಟಳಂತೆ. ಅಂದಿನಿಂದ ಅದೇ ರೂಢಿ. ಮದುವೆ ಮನೆಯಲ್ಲಿ ಕೇಳಬೇಕಾದ ಧಾಟಿ ಬೆಳಗಿನ ಚಳಿಯಲ್ಲಿ, ಊರು ಬಿಡುವವರ ಬಾಯಲ್ಲಿ ಕೇಳಿದರೆ ಸಂಕಟವಾಗುತ್ತದೆ.

"ಹೊಸ ಸಿಮ್ ಹಾಕಿದ ಕೂಡ್ಲೇ ಮೊದಲ ಫೋನು ನನಗ ಮಾಡ್ರಿ. ಮಕ್ಕಳಿಗಲ್ಲ, ನನಗ," ಎಂದು ಅಂಜಿನಕ್ಕ ಪ್ರತಿಯೊಬ್ಬರಿಗೂ ಹೇಳುತ್ತಾರೆ. ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಗುಂಪಿನಾಚೆ, ಬಸ್ಸಿನ ಹಿಂದಿನ ಚಕ್ರದ ಬಳಿ ಒಬ್ಬ ಹೆಂಗಸು ಬೆನ್ನು ತಿರುಗಿಸಿ ನಿಂತಿದ್ದಾರೆ. ಹಾಡುತ್ತಿಲ್ಲ, ಇತ್ತ ನೋಡುತ್ತಲೂ ಇಲ್ಲ. ಅವರು ಪಂಪಮ್ಮ. ಅಂಜಿನಕ್ಕನ ಕಣ್ಣು ಆಗಾಗ ಆ ಬೆನ್ನಿನ ಕಡೆಗೇ ಹೋಗುತ್ತದೆ.

ಅಂಜಿನಕ್ಕನಿಗೆ ಕೂಸಿದ್ದಾಗ ಪೋಲಿಯೋ ಆಗಿ ಬಲಗಾಲು ಬತ್ತಿತು. ಹೊಲದ ಕೆಲಸಕ್ಕೆ ಬಾರದ ಹುಡುಗಿ ಎಂದು ಮನೆಯವರು ತಲೆ ಮೇಲೆ ಕೈ ಹೊತ್ತು ಕುಳಿತಿದ್ದಾಗ, ಅಂಗವಿಕಲರಿಗೆಂದು ಕೊಡುತ್ತಿದ್ದ ಎಸ್‌ಟಿಡಿ ಬೂತ್ ಕೈಗೆ ಬಂತು. ಗುಳೆ ಹೋದವರಿಗೆ ಫೋನು ಮಾಡಲು ಜನ ಆ ಹಳದಿ ಡಬ್ಬಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಯಾರ ಮನೆಯಲ್ಲಿ ಯಾರು ಅತ್ತರು, ಯಾರಿಗೆ ಮಗು ಹುಟ್ಟಿತು ಎಂಬುದೆಲ್ಲ ಮೊದಲು ಗೊತ್ತಾಗುತ್ತಿದ್ದದ್ದು ಇವರಿಗೇ. ಮೊಬೈಲು ಬಂದು ಬೂತು ಮುಳುಗಿತು. ಅದೇ ಜಾಗದಲ್ಲಿ ರೀಚಾರ್ಜು, ಕವರು, ಒಡೆದ ಗಾಜು ಬದಲಿಸುವುದು ಎನ್ನುತ್ತ ಅಂಗಡಿ ಉಳಿಸಿಕೊಂಡರು. ವಾಚಿನ ಕೆಲಸ ಶುರುವಾದದ್ದು ಕೊರೊನಾ ಕಳೆದ ಮೇಲೆ. ಯಾರೂ ಕಲಿಸಲಿಲ್ಲ, ಕೆಡಿಸಿ ಕೆಡಿಸಿ ಕಲಿತದ್ದು.

ಎರಡು ವರ್ಷದ ಹಿಂದೆ, ಇಂಥದ್ದೇ ಒಂದು ಬೆಳಗಿನಲ್ಲಿ, ಪಂಪಮ್ಮ ಮಗಳು ದುರ್ಗಾಳನ್ನು ಕರೆತಂದಿದ್ದರು. ನಾಲ್ಕನೇ ತರಗತಿಯ ಹುಡುಗಿ. ಪಂಪಮ್ಮನ ಹಡೆದವ್ವನ ಬಳಿ ಆಕೆಯನ್ನು ಬಿಟ್ಟು ಗಂಡಹೆಂಡತಿ ತೋಟಕ್ಕೆ ಹೊರಟಿದ್ದರು. ಅಂಜಿನಕ್ಕ ವಾಚು ಕಟ್ಟಿದರು, ಪಂಪಮ್ಮನ ನಂಬರು ಹಾಕಿದರು, ತಮ್ಮದನ್ನೂ ಹಾಕಿದರು. ಗೊತ್ತಿಲ್ಲದ ನಂಬರಿನ ಕರೆ ಬಂದರೆ ವಾಚು ತಾನೇ ತಡೆಯುವ ಹಾಗೆ ಬೀಗವನ್ನೂ ಹಾಕಿದರು. ಹೆಣ್ಣುಮಗು, ಹಾಳುಮೂಳು ಫೋನು ಬರಬಾರದು ಎಂದು ಪಂಪಮ್ಮನೇ ಕೇಳಿಕೊಂಡಿದ್ದರು.

ಘಟ್ಟದ ತೋಟಗಳಲ್ಲಿ ಎಲ್ಲ ಕಂಪನಿಯ ಸಿಗ್ನಲ್ಲೂ ಸಿಗುವುದಿಲ್ಲ. ತೋಟ ಸೇರಿದ ವಾರದಲ್ಲೇ, ಕೂಲಿಯವರನ್ನು ಕರೆದೊಯ್ದಿದ್ದ ಮೇಸ್ತ್ರಿ ಹುಲುಗಣ್ಣ ಅಲ್ಲಿ ಸಿಗುವ ಕಂಪನಿಯ ಸಿಮ್ಮುಗಳನ್ನು ತಂದು ಹಂಚಿದರು. ಪಂಪಮ್ಮ ಹಳೆಯದನ್ನು ತೆಗೆದು ಎಲೆ ಅಡಿಕೆ ಸಂಚಿಗೆ ಹಾಕಿಕೊಂಡರು. ಫೋನು ತನ್ನದೇ, ದನಿ ತನ್ನದೇ, ಸಿಮ್ ಬದಲಾದರೆ ಮಗಳಿಗೆ ತಾನು ಪರಕೀಯಳಾಗುತ್ತೇನೆಂದು ಅವರಿಗೆ ಹೇಗೆ ಹೊಳೆಯಬೇಕು? ಹೊಸ ನಂಬರಿನಿಂದ ಕರೆದರು. ವಾಚು ತಡೆಯಿತು. ಮಗಳು ಅತ್ತ ಹಳೆ ನಂಬರಿಗೆ ಕರೆದಳು. ಅದು ಬಂದ್ ಆಗಿತ್ತು. ಮಗಳು ಮುನಿಸಿಕೊಂಡಿದ್ದಾಳೆ ಎಂದುಕೊಂಡರು ತಾಯಿ. ಅವ್ವ ಮರೆತಳು ಎಂದುಕೊಂಡಳು ಮಗಳು.

ವಾಚು ಒಂದು ಕರೆ ತಡೆದಾಗಲೆಲ್ಲ ಅಂಜಿನಕ್ಕನ ಫೋನಿಗೆ ಸುದ್ದಿ ಬರುತ್ತದೆ. ಇಲ್ಲಿಯೇ ಇರುವುದು ಅವರ ಎದೆಯ ಮುಳ್ಳು. ಒಂದೇ ನಂಬರು, ವಾರವಾರವೂ, ದುರ್ಗಾಳ ವಾಚಿಗೆ ಬರುತ್ತಿರುವುದನ್ನು ಅವರು ಕಂಡಿದ್ದರು. ಯಾರೋ ಪುಂಡ ಹುಡುಗಿಯ ಬೆನ್ನು ಬಿದ್ದಿದ್ದಾನೆ, ಬೀಗ ಹಾಕಿದ್ದು ಒಳ್ಳೆಯದಾಯಿತು ಎಂದುಕೊಂಡರು. ಅಂಗಡಿಗೆ ಬಂದ ಗಿರಾಕಿಗಳಿಗೆ ಫೋನು ತೋರಿಸಿ, ನೋಡಿರಿ ವಾಚು ಹೆಂಗ ಕಾಯ್ತೈತಿ ಎಂದು ಹೆಮ್ಮೆಪಟ್ಟರು. ಆ ನಂಬರಿಗೆ ಒಂದು ಸಲ ತಿರುಗಿ ಕರೆ ಮಾಡಿದ್ದರೆ ಸಾಕಿತ್ತು. ಪುಂಡನ ಜೊತೆ ತಮಗೇನು ಮಾತು ಎಂದು ಮಾಡಲಿಲ್ಲ.

ಒಂದು ಬೆಳಿಗ್ಗೆ ದುರ್ಗಾಳ ಅಜ್ಜಿ ಹಾಸಿಗೆಯಿಂದ ಏಳಲಿಲ್ಲ. ಹುಡುಗಿ ಕೆಂಪು ಗುಂಡಿ ಒತ್ತಿದಳು, ಹಳೆ ನಂಬರಿಗೆ ಕರೆ ಹೋಗಲಿಲ್ಲ. ಅಂಜಿನಕ್ಕನಿಗೆ ಕರೆ ಬಂತು. ಅವರು ಮೇಸ್ತ್ರಿಯ ನಂಬರು ಹುಡುಕಿ ಮಾಡಿದರು, ಹುಲುಗಣ್ಣನ ಫೋನು ತೋಟದ ಒಳಗೆಲ್ಲೋ ಸಿಗ್ನಲ್ಲಿಲ್ಲದೆ ಬಿದ್ದಿತ್ತು. ಊರವರು ಸಂಜೆಯವರೆಗೂ ಹೆಣ ಇಟ್ಟುಕೊಂಡು ಕಾದರು. ಮಗಳು ಪಂಪಮ್ಮ ಬಾರದೆ ಮಣ್ಣು ಮಾಡುವುದು ಹೇಗೆ ಎಂದು ಹಿರಿಯರು ಹಿಂದೆಮುಂದೆ ನೋಡಿದರು. ಕಡೆಗೆ ಹೊತ್ತು ಮುಳುಗುತ್ತಿದೆ ಎಂದು ಎತ್ತಿದರು.

ಆ ದಿನ ಭಾನುವಾರ. ತೋಟಕ್ಕೆ ರಜೆ. ಪಂಪಮ್ಮ ಮಧ್ಯಾಹ್ನ ಗುಡ್ಡ ಹತ್ತಿ, ಸಿಗ್ನಲ್ ಸಿಗುವ ಬಂಡೆಯ ಮೇಲೆ ಕುಳಿತು, ಸಾಕಾಗುವವರೆಗೂ ಮಗಳಿಗೆ ಕರೆ ಮಾಡುತ್ತಲೇ ಇದ್ದರು. ಅಜ್ಜಿಯ ತಲೆದೆಸೆಯಲ್ಲಿ ಕುಳಿತ ದುರ್ಗಾಳ ಕೈಯಲ್ಲಿದ್ದ ವಾಚು ಒಂದು ಸಲವೂ ಸದ್ದು ಮಾಡಲಿಲ್ಲ. ಬೇಲಿ ಎದ್ದು ಹೊಲ ಮೇಯ್ದ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಬೇಲಿ ಹೊಲ ಮೇಯಲಿಲ್ಲ, ಹೊಲದೊಡತಿಯನ್ನೇ ಒಳಗೆ ಬಿಡಲಿಲ್ಲ.

ಪಂಪಮ್ಮನಿಗೆ ಸುದ್ದಿ ಮುಟ್ಟಿದಾಗ ಮೂರನೇ ದಿನದ ಹಾಲುತುಪ್ಪವೂ ಮುಗಿದಿತ್ತು. ಊರಿಗೆ ಬಂದವರು ಮನೆಗೂ ಹೋಗದೆ ನೇರ ಅಂಗಡಿಗೆ ಬಂದರು. ವಾಚು ತಡೆಯುತ್ತಿದ್ದ ಪುಂಡನ ನಂಬರೂ ಪಂಪಮ್ಮನ ಹೊಸ ನಂಬರೂ ಒಂದೇ ಎಂದು ಆಗ ಇಬ್ಬರಿಗೂ ತಿಳಿಯಿತು. ಅಂಜಿನಕ್ಕ ಕಾಲಿಗೆ ಬೀಳಲು ಎದ್ದರು, ಆದರೆ ಬತ್ತಿದ ಕಾಲು ಅವಸರಕ್ಕೆ ಬಗ್ಗಲಿಲ್ಲ. ಪಂಪಮ್ಮ ಕೂಗಾಡಲಿಲ್ಲ. "ನನ್ನವ್ವನ ಮುಖ ತಪ್ಪಿಸಿದಿ ಅಂಜಿನಕ್ಕ," ಎಂದರು, ಹೋದರು. ಅವತ್ತಿನಿಂದ ಇಬ್ಬರ ನಡುವೆ ಮಾತಿಲ್ಲ.

"ಕಳ್ಳರು ಬರಬಾರದು ಅಂತ ಅಗಳಿ ಹಾಕಿದ್ನಿ ರೀ. ಮನಿಯಾಕೀನ ಹೊರಗ ನಿಂತು ಬಾಗಿಲ ಬಡದಾಳ. ಬಡಿಯೋ ಸಪ್ಪಳ ನನಗ ಕೇಳೇತಿ, ಕೇಳಿ ನಕ್ಕೀನಿ," ಎನ್ನುತ್ತಾರೆ ಅಂಜಿನಕ್ಕ. ಹೇಳುವಾಗ ಮುಖ ತಗ್ಗಿಸುವುದಿಲ್ಲ, ಕಣ್ಣೊರೆಸಿಕೊಳ್ಳುವುದೂ ಇಲ್ಲ.

ಆಮೇಲೆ ಸ್ವಲ್ಪ ದಿನ ಎಲ್ಲ ವಾಚುಗಳ ಬೀಗವನ್ನೂ ತೆಗೆದುಬಿಟ್ಟಿದ್ದರು. ಅದೂ ಸರಿಹೋಗಲಿಲ್ಲ. ಯಾವನೋ ಒಬ್ಬ ಹಿರೇಹಡಗಲಿ ಕಡೆಯ ಹುಡುಗಿಯ ವಾಚಿಗೆ ಹೊಲಸು ಮಾತಾಡಿದ. ಅವಳ ತಾಯಿ ಅಳುತ್ತ ಬಂದು ಬೀಗ ಹಾಕಿಸಿಕೊಂಡು ಹೋದರು. ಬೀಗ ಹಾಕಿದರೆ ಒಂದು ಪಾಪ, ತೆಗೆದರೆ ಇನ್ನೊಂದು. ಕಡೆಗೆ ಅಂಜಿನಕ್ಕ ತಾವೇ ಬಾಗಿಲು ಕಾಯಲು ನಿರ್ಧರಿಸಿದರು. ತಾಯಂದಿರಿಗೆ ನಂಬರು ಬಾಯಿಪಾಠ ಮಾಡಿಸುವುದು ಶುರುವಾದದ್ದೂ ಆಗಲೇ. ವಾಚು ತಡೆದ ಪ್ರತಿ ನಂಬರಿಗೂ ಈಗ ತಾವೇ ತಿರುಗಿ ಕರೆ ಮಾಡುತ್ತಾರೆ. ಬಹಳಷ್ಟು ಸಲ ಅತ್ತ ಲೋನ್ ಬೇಕೇ ಎನ್ನುವವರಿರುತ್ತಾರೆ, ಕೆಲವು ಸಲ ಬೈಗುಳ ಸಿಗುತ್ತದೆ. ಅಪರೂಪಕ್ಕೆ ಯಾರದೋ ಅಪ್ಪ ಸಿಗುತ್ತಾರೆ. ಸ್ನಾನಕ್ಕೆ ಹೋದರೂ ಫೋನು ಬಚ್ಚಲ ಗೂಡಿನಲ್ಲಿರುತ್ತದೆ. ತಂಗಿಯ ಮಗಳ ಮದುವೆಯಲ್ಲೂ ಸಿಗ್ನಲ್ ಸಿಗುವ ಹೊಸ್ತಿಲಲ್ಲೇ ಕುಳಿತರಂತೆ, ಅಕ್ಷತೆ ಹಾಕಲು ಒಳಗೆ ಹೋಗಲಿಲ್ಲವಂತೆ.

ದುರ್ಗಾ ಈಗ ಕೊಟ್ಟೂರಿನ ಒಂದು ಹಾಸ್ಟೆಲಿನಲ್ಲಿದ್ದಾಳೆ. ವಾಚು ಇನ್ನೂ ಕೈಯಲ್ಲಿದೆ, ಬಿಚ್ಚು ಎಂದು ತಾಯಿ ಹೇಳಿದರೂ ಬಿಚ್ಚಿಲ್ಲ. ಅವ್ವನ ಹಳೆ ನಂಬರು ಬಹುಕಾಲ ಅದರಲ್ಲೇ ಇತ್ತು. ಒಂದು ದಿನ ಆಸೆಗೆಂದು ಒತ್ತಿದಾಗ ಯಾರೋ ಗಂಡಸು ಎತ್ತಿದ, ಕಂಪನಿಯವರು ಆ ನಂಬರನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಅಂಜಿನಕ್ಕ ಅದನ್ನು ಅಳಿಸಿದರು. ಹೋದ ವರ್ಷವಿಡೀ ಪಂಪಮ್ಮ ವಾರ್ಡನ್ ಫೋನಿಗೆ ಕರೆ ಮಾಡಿ, ಹತ್ತು ಮಕ್ಕಳ ಗದ್ದಲದ ನಡುವೆ ಮಗಳ ಜೊತೆ ಎರಡು ಮಾತಾಡಿದರು, ಅಷ್ಟೇ. ಆ ವಾಚಿನೊಳಗೆ ಅವ್ವನ ನಂಬರು ಮತ್ತೆ ಕೂರಬೇಕು. ಅಂಜಿನಕ್ಕನಿಗೆ ಬೇಕಾಗಿರುವುದು ಅದೊಂದೇ. ಆದರೆ ವರ್ಷ ವರ್ಷವೂ ಸಿಮ್ ಬದಲಾಗುತ್ತದೆ, ಹೊಸ ನಂಬರು ಕೊಡಬೇಕಾದವರು ಬೆನ್ನು ತಿರುಗಿಸಿ ನಿಂತಿದ್ದಾರೆ.

ಬಸ್ಸು ಹಾರ್ನ್ ಹಾಕುತ್ತದೆ. ಹಾಡು ನಿಂತು ಗದ್ದಲ ಶುರುವಾಗುತ್ತದೆ. ಭೂಮಿಕಾ ಹೊಸ ವಾಚಿನಿಂದಲೇ ಕಿಟಕಿಯಲ್ಲಿ ಕೂತ ಅವ್ವನಿಗೆ ಕರೆ ಮಾಡುತ್ತಾಳೆ. ಎರಡು ಮಾರು ದೂರದಲ್ಲಿ ನಿಂತು ಇಬ್ಬರೂ ಫೋನಿನಲ್ಲಿ ಅಳುತ್ತಾರೆ. ಪಂಪಮ್ಮ ಹತ್ತಿ ಆಚೆ ಬದಿಯ ಸೀಟಿನಲ್ಲಿ ಕುಳಿತುಬಿಡುತ್ತಾರೆ. ಅಂಜಿನಕ್ಕ ಸ್ಟೂಲಿನಿಂದ ಎದ್ದು ಬಸ್ಸಿನ ಆ ಬದಿಗೆ ಕುಂಟುತ್ತ ಹೋಗುವಷ್ಟರಲ್ಲಿ ಬಸ್ಸು ಹೊರಟೇ ಹೋಗುತ್ತದೆ.

ಮುಂದಿನ ದಿನಗಳಲ್ಲಿ ಹೊಸ ನಂಬರುಗಳು ಒಂದೊಂದಾಗಿ ಬರುತ್ತವೆ. ಕೆಲವರು ನಗುತ್ತ ಅದೇ ಸೋಬಾನೆ ಧಾಟಿಯಲ್ಲಿ ಹೊಸ ನಂಬರು ಹೇಳುತ್ತಾರೆ, ಕೆಲವರು ಮಗುವಿನ ಹೆಸರಷ್ಟೇ ಹೇಳುತ್ತಾರೆ. ಅಂಜಿನಕ್ಕ ಪ್ರತಿ ನಂಬರನ್ನೂ ಮಗುವಿನ ವಾಚಿಗೆ ಸೇರಿಸಿ, ಈಗ ಮಾಡ್ರಿ ಎನ್ನುತ್ತಾರೆ. ಒಂದು ಇಳಿಹೊತ್ತು ಇನ್ನೊಂದು ಹೊಸ ನಂಬರು ಬರುತ್ತದೆ. ಎತ್ತಿದರೆ ಅತ್ತ ಉಸಿರಾಟ, ಎಲ್ಲೋ ನಾಯಿ ಬೊಗಳುವ ಸದ್ದು. ಅಂಜಿನಕ್ಕ ಯಾರು ಎಂದು ಕೇಳುವುದಿಲ್ಲ. ಕೊನೆಗೆ ಅತ್ತಲಿಂದ, "ಇದು ಹೊಸಾದು. ಹುಡುಗಿಗೆ ಹಾಕು," ಎಂಬಷ್ಟು ಕೇಳುತ್ತದೆ, ಫೋನು ಕಟ್ಟಾಗುತ್ತದೆ.

ಅಂಜಿನಕ್ಕ ಅಂಕಿಗಳನ್ನು ಎರಡೆರಡು ಸಲ ನೋಡಿ ದುರ್ಗಾಳ ವಾಚಿಗೆ ಸೇರಿಸುತ್ತಾರೆ. ಹೆಸರಿನ ಜಾಗದಲ್ಲಿ 'ಅವ್ವ' ಎಂದು ಬರೆಯುತ್ತಾರೆ. ಕರೆ ಹೋಯಿತೋ ಇಲ್ಲವೋ ಎಂದು ಆ್ಯಪಿನಲ್ಲಿ ನೋಡಬಹುದು, ನೋಡುವುದಿಲ್ಲ. ಫೋನನ್ನು ಬೋರಲು ಹಾಕಿ, ಗಿರಾಕಿಯ ಒಡೆದ ಗಾಜನ್ನು ಕೈಗೆತ್ತಿಕೊಳ್ಳುತ್ತಾರೆ. ಪಂಪಮ್ಮ ಕ್ಷಮಿಸಿದಂತಾಯಿತೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ.

"ಆಕಿ ನನ್ ಜೊತಿ ಮಾತು ಬಿಟ್ಟಾಳ, ಬಿಡ್ಲಿ ರೀ. ನಾ ಅದಕ್ಕ ತಕ್ಕಾಕಿನ ಅದೀನಿ. ಮಗಳ ಜೊತಿ ಮಾತಾಡಿದ್ರ ಸಾಕು."